ಯಹೂದಿ ಧರ್ಮದ ಮೇಲೆ ಮಕ್ಕಳ ಪೋಸ್ಟರ್: ಚಿಹ್ನೆ, ಹೀಬ್ರೂ ಅಕ್ಷರ, ಬಣ್ಣದಲ್ಲಿ ಎಲ್ಲಿ ಎಡವುತ್ತಾರೆ?

ಚಿತ್ರಾವತಿ (ಚಿಕ್ಕಬಳ್ಳಾಪುರ), ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯ ವಾರ ನಮ್ಮ ಪ್ರೌಢಶಾಲೆಯಲ್ಲಿ ಪ್ರಪಂಚದ ಧರ್ಮಗಳ ಪೋಸ್ಟರ್ ಪ್ರದರ್ಶನ ಇದೆ. ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಯಹೂದಿ ಧರ್ಮ ಬಂದಿದೆ. ನಂಬಿಕೆ, ಗುರುತು, ಒಗ್ಗಟ್ಟು ಅಂತ ಮೂರು ಭಾಗ. ಹಾಫ್ ಇಂಪೀರಿಯಲ್ ಡ್ರಾಯಿಂಗ್ ಶೀಟ್, ಪೋಸ್ಟರ್ ಕಲರ್. ಬಾಗಿಲ ಮೇಲಿನ ಶೀರ್ಷಿಕೆ ಮಾತ್ರ ಫ್ಲೆಕ್ಸ್, ಆರು ಅಡಿಗೆ ಎರಡು ಅಡಿ.

ಮೊದಲ ಕರಡುಗಳು ಬಂದಿವೆ. ಎಲ್ಲದರಲ್ಲೂ ಹಳದಿ ಷಟ್ಕೋನ ನಕ್ಷತ್ರ, ಪಕ್ಕದಲ್ಲಿ ಒಂದು ಮೇಣದಬತ್ತಿ ಸ್ಟ್ಯಾಂಡು, ಹಿಂದೆ ಇಸ್ರೇಲ್ ಬಾವುಟ. ಕೆಲವರು ಅಭ್ಯಾಸಬಲದಿಂದ ಹಾಳೆಯ ತಲೆಯಲ್ಲಿ ಶ್ರೀಕಾರ ಹಾಕಿ, ನಾಲ್ಕು ಮೂಲೆಗೂ ರಂಗೋಲಿ ಸ್ವಸ್ತಿಕ ಬರೆದಿದ್ದಾರೆ. ಮೊಬೈಲಿನಿಂದ ಹೀಬ್ರೂ ಅಕ್ಷರ ನೋಡಿ ಬರೆದವರೂ ಇದ್ದಾರೆ. ಅದು ನೆಟ್ಟಗಿದೆಯೋ ತಲೆಕೆಳಗೋ ನನಗೇ ತಿಳಿಯದು.

ಕೇಳಬೇಕಾದ್ದು ಇಷ್ಟು. ಯಾವ ಚಿಹ್ನೆ ಎಲ್ಲಿ ಸರಿ? ಹೀಬ್ರೂ ಬರೆಯಬೇಕೆಂದರೆ ಹೇಗೆ? ಒಗ್ಗಟ್ಟು ಅನ್ನುವುದನ್ನು ಕೈ ಕೈ ಹಿಡಿದ ಚಿತ್ರ ಬಿಟ್ಟು ಬೇರೆ ಯಾವ ರೀತಿಯಲ್ಲಿ ತೋರಿಸಬಹುದು? ಕೈಯಲ್ಲಿ ಮೂರು ವಾರ ಇದೆ.

---

ಕುಂಚ_ಕೋಲಾರ:

ಮೇಡಂ, ಸ್ವಸ್ತಿಕದಿಂದಲೇ ಶುರು ಮಾಡೋಣ. ಅದು ನಮಗೆ ಮಂಗಳ ಚಿಹ್ನೆ, ತಕರಾರಿಲ್ಲ. ಹಿಟ್ಲರನ ನಾಜಿ ಪಕ್ಷದ ಗುರುತೂ ಅದೇ ಆಕಾರದ್ದು. ಆದರೆ ಅದೇ ಗೋಡೆಯ ಮೇಲೆ ಹಿಟ್ಲರನ ಕಾಲದ ನರಮೇಧದ ಪೋಸ್ಟರ್ ಒಂದಿದ್ದರೂ ನೋಡುವವರ ಕಣ್ಣು ಮೂಲೆಗೇ ಹೋಗುತ್ತದೆ. ಈ ವಿಭಾಗದ ಹಾಳೆಗಳಲ್ಲಿ ಅದು ಬೇಡ. ಅಂಚು ಬೇಕೇ ಬೇಕು ಅಂದರೆ ಕೊಚ್ಚಿಯ ಪರದೇಸಿ ಸಿನಗಾಗಿನ (ಯಹೂದಿ ಪ್ರಾರ್ಥನಾ ಮಂದಿರದ) ನೆಲದ ಹಾಸು ನೋಡಿ ಬರೆಸಿ. ಕೈಯಲ್ಲಿ ಬರೆದ ನೀಲಿ-ಬಿಳಿ ಚೀನೀ ಬಿಲ್ಲೆಗಳು. ಒಂದೂವರೆ ಇಂಚಿನ ಚೌಕಗಳಾಗಿ ಸುತ್ತಲೂ ಇಟ್ಟರೆ ಅಂಚೂ ಆಯಿತು, ವಿಷಯವೂ ಆಯಿತು. ಹಾಫ್ ಇಂಪೀರಿಯಲ್ 15 ಇಂಚಿಗೆ 22 ಇಂಚು. ಅಡ್ಡಕ್ಕೆ ಹತ್ತು ಚೌಕ ಸರಿಯಾಗಿ ಕೂರುತ್ತವೆ. ಉದ್ದಕ್ಕೆ ಹದಿನಾಲ್ಕು ಕೂತು ಒಂದಿಂಚು ಉಳಿಯುತ್ತದೆ, ಅದನ್ನು ಮೇಲೆ ಕೆಳಗೆ ಅರ್ಧರ್ಧ ಇಂಚು ಹಂಚಿಬಿಡಿ.

ಮೇಣದಬತ್ತಿ ಸ್ಟ್ಯಾಂಡಿನಲ್ಲಿ ಎರಡು ಬಗೆ. ಏಳು ಕವಲಿನ ಮೆನೋರಾ ಜೆರೂಸಲೇಮಿನ ಪುರಾತನ ದೇವಾಲಯದ್ದು. ಒಂಬತ್ತು ದೀಪದ್ದು ಹನುಕ್ಕಾ ಹಬ್ಬದ್ದು: ಎಂಟು ರಾತ್ರಿಗೆ ಎಂಟು, ಅವನ್ನು ಹೊತ್ತಿಸಲು ಇನ್ನೊಂದು. ಆ ಒಂಬತ್ತನೆಯದು ಉಳಿದವಕ್ಕಿಂತ ಎತ್ತರದಲ್ಲೋ ಪಕ್ಕಕ್ಕೋ ಇರಬೇಕು, ಎಂಟೂ ಒಂದೇ ಮಟ್ಟದಲ್ಲಿರಬೇಕು. ಮಕ್ಕಳು ಸಾಮಾನ್ಯವಾಗಿ ಏಳು ಕವಲು ಬರೆದು ಕೆಳಗೆ ಹನುಕ್ಕಾ ಅಂತ ಬರೆಯುತ್ತಾರೆ. ಇನ್ನೊಂದು ಸೂಕ್ಷ್ಮ ಇದೆ. ಹನುಕ್ಕಾದ ಮೂರನೇ ರಾತ್ರಿ ತೋರಿಸುವುದಾದರೆ ಎಂಟರಲ್ಲಿ ನೋಡುವವರ ಬಲತುದಿಯ ಮೂರು ಬತ್ತಿಗಳು ಮಾತ್ರ, ಜೊತೆಗೆ ಹೊತ್ತಿಸುವ ಆ ಒಂಬತ್ತನೆಯದು ಉರಿಯಬೇಕು. ಬತ್ತಿ ಇಡುವುದು ಬಲದಿಂದ ಎಡಕ್ಕೆ, ಹೊತ್ತಿಸುವುದು ಹೊಸದರಿಂದ, ಅಂದರೆ ಎಡದಿಂದ ಬಲಕ್ಕೆ.

ಏಳು ಕವಲಿಗೆ ಕೈವಾರ ಸಾಕು. ಮಧ್ಯದ ಕಂಬದ ಮೇಲೆ ಒಂದೇ ಕೇಂದ್ರ ಇಟ್ಟು ಒಂದೂವರೆ, ಮೂರು, ನಾಲ್ಕೂವರೆ ಇಂಚು ತ್ರಿಜ್ಯದ ಮೂರು ಅರ್ಧವೃತ್ತ ಎಳೆಯಿರಿ. ಒಟ್ಟು ಅಗಲ ಒಂಬತ್ತು ಇಂಚು ಬರುತ್ತದೆ, ಏಳೂ ತುದಿ ತಾವಾಗಿಯೇ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಕೈಯಲ್ಲೇ ಬಳಸಿ ಬರೆದರೆ ಎಡ-ಬಲ ಏರುಪೇರಾಗುವುದು ಖಂಡಿತ. ಎರಡೂ ಪಕ್ಕದಲ್ಲಿ ಆಲಿವ್ ಕೊಂಬೆ ಮಾತ್ರ ಇಡಬೇಡಿ. ಕೊಂಬೆ ಸೇರಿದರೆ ಅದು 1949ರಲ್ಲಿ ಒಪ್ಪಿಕೊಂಡ ಇಸ್ರೇಲ್ ರಾಜ್ಯಲಾಂಛನ ಆಗಿಬಿಡುತ್ತದೆ.

ನಕ್ಷತ್ರಕ್ಕೆ ಐದು ಇಂಚು ತ್ರಿಜ್ಯದ ವೃತ್ತ ಎಳೆದು, ಅದೇ ಅಳತೆಯಲ್ಲಿ ಪರಿಧಿಯ ಮೇಲೆ ಆರು ಗುರುತು ಮಾಡಿ, ಒಂದು ಬಿಟ್ಟು ಒಂದು ಸೇರಿಸಿ. ತ್ರಿಕೋನದ ಬಾಹು ಸುಮಾರು 8.7 ಇಂಚು ಬರುತ್ತದೆ. ಪಟ್ಟಿ ಮುಕ್ಕಾಲು ಇಂಚಿನದಾದರೆ ಹೆಣೆದ ಹಾಗೆ ತೋರಿಸಬಹುದು. ಆರು ಕಡೆ ಪಟ್ಟಿಗಳು ದಾಟುತ್ತವೆ. ಪ್ರತಿ ಪಟ್ಟಿಯೂ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಹೋಗಬೇಕು. ಇದನ್ನು ಪೆನ್ಸಿಲಿನಲ್ಲೇ ಮುಗಿಸಿ. ಬಣ್ಣ ಹಚ್ಚಿದ ಮೇಲೆ ತಿದ್ದಲು ಹೋದರೆ ಕೆಳಗಿನ ಪದರ ನೆನೆದು ಎದ್ದುಬರುತ್ತದೆ, ಪೋಸ್ಟರ್ ಕಲರಿನ ಜಾಯಮಾನವೇ ಅದು.

ಇನ್ನು ಬಣ್ಣ. ಹಳದಿ ನಕ್ಷತ್ರ ಅಂದರೆ ನಾಜಿಗಳು ಬಲವಂತವಾಗಿ ಬಟ್ಟೆಗೆ ಹೊಲಿಸಿದ ಗುರುತು. ನಂಬಿಕೆಯ ಪೋಸ್ಟರಿನಲ್ಲಿ ಅದು ಬರಕೂಡದು. ನೀಲಿ ಬಳಸಿ, ಅಲ್ಟ್ರಾಮರೀನ್‌ಗೆ ಒಂದು ಚೂರು ಕಪ್ಪು. ಆದರೆ ಬಿಳಿ ಹಾಳೆ, ಮೇಲೆ ಕೆಳಗೆ ಅಡ್ಡ ನೀಲಿ ಪಟ್ಟೆ, ನಡುವೆ ನಕ್ಷತ್ರ ಆದರೆ ಗೊತ್ತಿಲ್ಲದೆಯೇ ಬಾವುಟ ಬರೆದ ಹಾಗಾಗುತ್ತದೆ. ಆ ಪಟ್ಟೆಗಳ ಮೂಲ ಪ್ರಾರ್ಥನಾ ಶಾಲು, ತಲ್ಲಿತ್. ಶಾಲನ್ನೇ ಬರೆಸಿ: ಪಟ್ಟೆಗಳು ಎರಡು ತುದಿಗೆ ಹತ್ತಿರ, ನಾಲ್ಕು ಮೂಲೆಗೂ ಗಂಟು ಹಾಕಿದ ಕುಚ್ಚು, ಕುಚ್ಚೊಂದಕ್ಕೆ ಎಂಟು ಎಳೆ, ಐದು ಗಂಟು. ನಕ್ಷತ್ರ ಇಲ್ಲದೆಯೂ ಅದು ಯಹೂದಿ ಚಿತ್ರವೇ.

---

ತುಮಕೂರು_ಡಿಟಿಪಿ:

ಹೀಬ್ರೂ ವಿಷಯ ನಾನು ಹೇಳ್ತೀನಿ.

ಬಲದಿಂದ ಎಡಕ್ಕೆ ಬರೆಯೋ ಲಿಪಿ. 22 ಅಕ್ಷರ, ಅದರಲ್ಲಿ ಐದಕ್ಕೆ ಪದದ ಕೊನೆಗೆ ಬಂದಾಗ ಬೇರೆ ರೂಪ. ಫ್ಲೆಕ್ಸ್ ಅಂಗಡಿಗಳಲ್ಲಿ ಇವತ್ತಿಗೂ ಹಳೇ ಕೋರೆಲ್ ಡ್ರಾ, ಅದರ ಜೊತೆ ಯೂನಿಕೋಡ್ ಅಲ್ಲದ ನುಡಿ ಫಾಂಟು. ಅದರೊಳಗೆ ಹೀಬ್ರೂ ಪೇಸ್ಟ್ ಮಾಡಿದರೆ ಎರಡರಲ್ಲಿ ಒಂದು ಆಗುತ್ತೆ: ಖಾಲಿ ಡಬ್ಬಗಳು ಬರುತ್ತವೆ, ಇಲ್ಲಾ ಅಕ್ಷರ ಎಲ್ಲಾ ಸರಿ ಇದ್ದು ಸಾಲು ತಿರುಗಿಕೊಳ್ಳುತ್ತೆ. ಎರಡನೇದು ಅಪಾಯ. ನೋಡೋಕೆ ಚೆನ್ನಾಗೇ ಕಾಣುತ್ತೆ, ಆಪರೇಟರ್‌ಗೂ ಗೊತ್ತಾಗಲ್ಲ, ಮೇಷ್ಟರಿಗೂ ಗೊತ್ತಾಗಲ್ಲ.

ಪರೀಕ್ಷೆ ಸುಲಭ. ಶಾಲೋಮ್ ಅನ್ನೋ ಪದ ತಗೊಳ್ಳಿ. ಶಿನ್, ಲಾಮೆದ್, ವಾವ್, ಕೊನೆರೂಪದ ಮೇಮ್, ನಾಲ್ಕು ಅಕ್ಷರ. ಮೂರು ಕವಲು ಮೇಲಕ್ಕೆತ್ತಿದ ಅಕ್ಷರ ಶಿನ್, ಅದು ಬಲತುದಿಯಲ್ಲಿರಬೇಕು. ಪೂರ್ತಿ ಮುಚ್ಚಿದ ಚೌಕ ಮೇಮ್, ಅದು ಎಡತುದಿಯಲ್ಲಿರಬೇಕು. ಚೌಕ ಬಲಕ್ಕೆ ಬಂದಿದ್ದರೆ ಸಾಲು ತಿರುಗಿದೆ ಅಂತ ಅರ್ಥ, ಪ್ರಿಂಟ್ ನಿಲ್ಲಿಸಿ.

ಮಾಡೋ ಕ್ರಮ: ಇಂಕ್‌ಸ್ಕೇಪ್ ಉಚಿತ ಸಾಫ್ಟ್‌ವೇರ್, ಬಲದಿಂದ ಎಡ ಅದಕ್ಕೆ ಬರುತ್ತೆ. ಫಾಂಟಿಗೆ ಫ್ರಾಂಕ್ ರೂಲ್ ಲಿಬ್ರೆ, ಡೇವಿಡ್ ಲಿಬ್ರೆ, ಇಲ್ಲಾ ನೋಟೋ ಸಾನ್ಸ್ ಹೀಬ್ರೂ, ಮೂರೂ ಉಚಿತ. ಟೈಪ್ ಮಾಡಿ, ಮೇಲಿನ ಪರೀಕ್ಷೆ ನೋಡಿ, ಆಮೇಲೆ ಆಬ್ಜೆಕ್ಟ್ ಟು ಪಾತ್ ಕೊಟ್ಟು ಅಕ್ಷರಾನ ಆಕಾರವಾಗಿ ಬದಲಾಯಿಸಿ, ಪಿಡಿಎಫ್ ಮಾಡಿ ಅಂಗಡಿಗೆ ಕೊಡಿ. ಆಮೇಲೆ ಯಾವ ಮೆಷಿನ್ನೂ ಅದನ್ನು ತಿರುಗಿಸಲ್ಲ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಅಕ್ಷರದ ಕೆಳಗೆ ಬರೋ ಸ್ವರಚುಕ್ಕಿ ಬೇಡವೇ ಬೇಡ. ದಿನನಿತ್ಯದ ಹೀಬ್ರೂಗೆ ಅದಿಲ್ಲದೆ ನಡೆಯುತ್ತೆ, ಫಾಂಟು ಬದಲಾದರೆ ಜಾಗ ತಪ್ಪಿ ಕೂರುತ್ತೆ.

ಕೈಯಲ್ಲಿ ಬರೆಯೋ ಮಕ್ಕಳಿಗೆ: ಪದಾನ ಬೇಕಾದ ಅಳತೆಗೆ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು, ಹಿಂಬದಿಗೆ 6ಬಿ ಪೆನ್ಸಿಲ್ ಉಜ್ಜಿ, ಡ್ರಾಯಿಂಗ್ ಶೀಟ್ ಮೇಲಿಟ್ಟು ಮುಂಭಾಗದಿಂದ ಒತ್ತಿ ಬರೆಸಿ. ಹಿಂಬದಿಯಿಂದ ಗೀಚಿದರೆ ಕನ್ನಡಿ ಬಿಂಬ ಬಂದುಬಿಡುತ್ತೆ. ಕುಂಚ ಚಪ್ಪಟೆಯದು ಇರಲಿ, ಅಕ್ಷರದ ಎತ್ತರ ಕುಂಚದ ಅಗಲದ ನಾಲ್ಕೈದು ಪಟ್ಟು. ಹೀಬ್ರೂನಲ್ಲಿ ಅಡ್ಡಗೆರೆ ದಪ್ಪ, ಇಳಿಗೆರೆ ಸಣ್ಣ, ಇಂಗ್ಲಿಷಿಗೆ ತದ್ವಿರುದ್ಧ. ಮೇಲ್ಗೆರೆಯಿಂದ ಅಕ್ಷರ ಇಳಿಬಿಡುತ್ತಾರೆ. ಲಾಮೆದ್ ಒಂದೇ ಆ ಗೆರೆ ದಾಟಿ ಮೇಲೆ ಹೋಗೋದು.

ಹೋಲುವ ಜೋಡಿಗಳು ಹುಷಾರು. ದಾಲೆತ್‌ಗೆ ಬಲಮೂಲೆ ಚೂಪಾಗಿ ಹೊರಚಾಚಿರುತ್ತೆ, ರೇಶ್‌ಗೆ ಗುಂಡಗೆ ತಿರುಗುತ್ತೆ. ಖೇತ್‌ನ ಎಡಗಾಲು ಮೇಲ್ಗೆರೆಗೆ ಅಂಟಿರುತ್ತೆ, ಹೇ ಅಕ್ಷರಕ್ಕೆ ಅಲ್ಲಿ ಸಂದು. ಮುಚ್ಚಿದ ಮೇಮ್ ಚೌಕ, ಸಾಮೆಖ್ ದುಂಡು. ಜೀವ ಅನ್ನೋ ಅರ್ಥದ ಖಾಯ್ ಪದ ತುಂಬ ಜನ ಬರೆಯುತ್ತಾರೆ, ಎರಡೇ ಅಕ್ಷರ, ಖೇತ್ ಮತ್ತು ಯೋದ್. ಅಕ್ಷರಗಳ ಸಂಖ್ಯಾಮೌಲ್ಯ ಎಂಟು, ಹತ್ತು, ಕೂಡಿದರೆ 18. ಅದಕ್ಕೇ ಯಹೂದಿಗಳು ಉಡುಗೊರೆ, ದಾನಾನ 18ರ ಲೆಕ್ಕದಲ್ಲಿ ಕೊಡೋದು. ಖೇತ್‌ಗೆ ಸಂದು ಬಿಟ್ಟರೆ ಪದವೇ ಕೆಟ್ಟಿತು.

ಎಐ ಚಿತ್ರ ತೆಗೆದು ಅದರಲ್ಲಿನ ಹೀಬ್ರೂ ನಕಲು ಮಾಡಿಸಬೇಡಿ. ಎಷ್ಟೋ ಸಲ ಅದು ಅಕ್ಷರದ ಥರ ಕಾಣೋ ಗೀಚು ಅಷ್ಟೆ.

---

ನಂದಿ_ತಪ್ಪಲು:

ನನ್ನ ಮಟ್ಟಿಗೆ ಹೀಬ್ರೂ ಒಂದು ಹಾಳೆಗೆ ಒಂದು ಪದ ಮೀರಬಾರದು. ನೋಡಲು ಬರುವವರು ಚಿಂತಾಮಣಿ, ಶಿಡ್ಲಘಟ್ಟದ ಅಪ್ಪ-ಅಮ್ಮಂದಿರು. ಕನ್ನಡ ದೊಡ್ಡದಿರಲಿ. ಹತ್ತು ಅಡಿ ದೂರದಿಂದ ಓದಲು ಅಕ್ಷರ ಒಂದಿಂಚಾದರೂ ಬೇಕು ಅನ್ನುವುದು ಒರಟು ಲೆಕ್ಕ. ಕನ್ನಡಕ್ಕೆ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲಿಗೆ ಎರಡಿಂಚು ಜಾಗ ಬಿಡಿ.

---

ಮಾದಲ:

ಒಪ್ಪುತ್ತೇನೆ, ಆದರೆ ಒಂದು ವಾಕ್ಯಕ್ಕೆ ವಿನಾಯಿತಿ ಕೊಡಿ. ಒಗ್ಗಟ್ಟು ಅನ್ನುವ ವಿಷಯಕ್ಕೆ ಯಹೂದಿ ಪರಂಪರೆಯಲ್ಲೇ ಒಂದು ಮಾತಿದೆ: ಕೋಲ್ ಯಿಸ್ರಾಯೇಲ್ ಅರೆವಿಮ್ ಜೆ ಬಾಜೆ. ಯಹೂದಿ ಜನರೆಲ್ಲ ಒಬ್ಬರಿಗೊಬ್ಬರು ಹೊಣೆ ಅಂತ. ತಲ್ಮೂದ್ ಎಂಬ ಯಹೂದಿ ಧರ್ಮಶಾಸ್ತ್ರ ಗ್ರಂಥದ ಶೆವುವೋತ್ ಭಾಗದ್ದು. ಐದು ಪದ, 17 ಅಕ್ಷರ. ಎರಡು ಸಾಲು ಮಾಡುವುದಾದರೆ ಮೊದಲ ಮೂರು ಪದ ಮೇಲೆ, ಎರಡು ಕೆಳಗೆ, ಎರಡೂ ಸಾಲು ಬಲ ಅಂಚಿಗೆ ಕೂಡಿಸಿ. ಅಲ್ಲಿ ಬರುವ ಯಿಸ್ರಾಯೇಲ್ ಇವತ್ತಿನ ದೇಶದ ಹೆಸರಾಗಿ ಬಂದದ್ದಲ್ಲ, ಜನಸಮುದಾಯ. ಕನ್ನಡ ಅಡಿಬರಹ ಇದನ್ನು ಸ್ಪಷ್ಟ ಮಾಡಲಿ.

ಮುಖ್ಯ ಲಾಭ ಏನೆಂದರೆ ಇದರಲ್ಲಿ ದೇವರ ಹೆಸರಿಲ್ಲ. ಹೀಬ್ರೂವಿನ ನಾಲ್ಕಕ್ಷರದ ದೇವರ ಹೆಸರನ್ನು ಬರೆದ ಹಾಳೆಯನ್ನು ಯಹೂದಿಗಳು ಕಸಕ್ಕೆ ಹಾಕುವಂತಿಲ್ಲ, ಹರಿಯುವಂತಿಲ್ಲ. ಗೆನೀಜಾ ಎಂಬಲ್ಲಿ ಕೂಡಿಟ್ಟು ಕೊನೆಗೆ ಮಣ್ಣಿನಲ್ಲಿ ಹೂಳುತ್ತಾರೆ. ಪ್ರದರ್ಶನ ಮುಗಿದ ಮೇಲೆ ರದ್ದಿಗೆ ಹೋಗುವ ಪೋಸ್ಟರಿನಲ್ಲಿ ಅದು ಇರಬಾರದು. ಪ್ರಸಿದ್ಧವಾದ ಶೆಮಾ ಪ್ರಾರ್ಥನೆಯ ಮೊದಲ ಸಾಲಿನಲ್ಲೇ ಆ ಹೆಸರು ಎರಡು ಸಲ ಬರುತ್ತದೆ, ಅದನ್ನು ಪೂರ್ತಿ ನಕಲು ಮಾಡಿಸಬೇಡಿ. ದೇವರಿಗೆ ಗಡ್ಡ, ಕಿರೀಟ ಇಟ್ಟ ರೂಪವೂ ಬೇಡ. ಯಹೂದಿ ಧರ್ಮದಲ್ಲಿ ದೇವರ ವಿಗ್ರಹ, ಚಿತ್ರ ಎರಡೂ ನಿಷಿದ್ಧ. ಮನುಷ್ಯರನ್ನು ಬರೆಯಲು ಅಡ್ಡಿಯಿಲ್ಲ.

ಒಗ್ಗಟ್ಟಿನ ಪೋಸ್ಟರಿಗೆ ನನ್ನ ಸಲಹೆ ಸುಕ್ಕೋತ್ ಹಬ್ಬದ ನಾಲ್ಕು ಸಸ್ಯಗಳು. ಇದರಲ್ಲಿ ಎರಡನ್ನು ನಮ್ಮ ಸೀಮೆಯಲ್ಲೇ ಕಣ್ಣೆದುರು ಇಟ್ಟುಕೊಂಡು ಬರೆಯಬಹುದು. ಎತ್ರೋಗ್ ಅಂದರೆ ನಮ್ಮ ಮಾದಲ ಹಣ್ಣಿನ ಜಾತಿಯೇ. ಲೂಲಾವ್ ಖರ್ಜೂರದ ಬಿಚ್ಚದ ಸುಳಿ. ಖರ್ಜೂರ ಸಿಗದಿದ್ದರೆ ಕೆರೆಯಂಚಿನ ಈಚಲಿನ ಸುಳಿ ನೋಡಿ ಬರೆಯಲಿ, ಎರಡೂ ಒಂದೇ ಕುಲದವು. ತೆಂಗಿನ ಗರಿ ಬೇಡ. ತಿಪಟೂರು ಕಡೆಯ ಮಕ್ಕಳಿಗೆ ಗರಿ ಅಂದರೆ ಕೈ ತಾನಾಗಿ ತೆಂಗಿಗೇ ಹೋಗುತ್ತದೆ, ಆದರೆ ಬಿಚ್ಚಿ ಜೋತುಬಿದ್ದ ಗರಿಯ ಆಕಾರವೇ ತಪ್ಪು, ಅದು ಕತ್ತಿಯಂತೆ ನೆಟ್ಟಗಿರಬೇಕು. ಮೂರನೆಯದು ಮರ್ಟಲ್, ಒಂದೇ ಗೆಣ್ಣಿನಿಂದ ಮೂರು ಎಲೆ ಸುತ್ತ ಹೊರಡುತ್ತವೆ. ನಾಲ್ಕನೆಯದು ವಿಲೋ, ನೀಳ ಎಲೆ, ಕೆಂಪು ಛಾಯೆಯ ಕಡ್ಡಿ.

ಲೆಕ್ಕ ಹೀಗಿದೆ: ಸುಳಿ ಒಂದು, ಮರ್ಟಲ್ ಮೂರು, ವಿಲೋ ಎರಡು, ಹಣ್ಣು ಒಂದು. ಹಿಡಿದವರ ಕಡೆಯಿಂದ ನೋಡಿದರೆ ಸುಳಿ ನಡುವೆ, ಮರ್ಟಲ್ ಬಲಕ್ಕೆ, ವಿಲೋ ಎಡಕ್ಕೆ, ಮೂರನ್ನೂ ಸೇರಿಸಿ ಕಟ್ಟಿ ಬಲಗೈಯಲ್ಲಿ. ಹಣ್ಣು ಎಡಗೈಯಲ್ಲಿ, ತುದಿಯ ಚುಂಚು ಮುರಿಯದೆ. ಅದನ್ನು ನಿಂಬೆಯಂತೆ ನುಣುಪಾಗಿ ಬರೆಯಬಾರದು, ಸಿಪ್ಪೆ ಉಬ್ಬುತಗ್ಗು. ಹಳದಿಗೆ ಎಲೆಹಸಿರು ಒಂದಿಷ್ಟು ಬೆರೆಸಿ ನೆರಳು ಕೊಡಿ, ಕಪ್ಪು ಬೆರೆಸಿದರೆ ಕೊಳೆತ ಬಣ್ಣ ಬರುತ್ತದೆ.

ಇದರ ಹಿಂದಿನ ವ್ಯಾಖ್ಯಾನ ಮಿದ್ರಾಶ್ ಎಂಬ ಹಳೆಯ ಯಹೂದಿ ವ್ಯಾಖ್ಯಾನ ಗ್ರಂಥದಲ್ಲಿದೆ. ಎತ್ರೋಗ್‌ಗೆ ರುಚಿಯೂ ಇದೆ ಪರಿಮಳವೂ ಇದೆ. ಖರ್ಜೂರಕ್ಕೆ ರುಚಿ ಉಂಟು, ಪರಿಮಳವಿಲ್ಲ. ಮರ್ಟಲ್‌ಗೆ ಪರಿಮಳ ಉಂಟು, ರುಚಿಯಿಲ್ಲ. ವಿಲೋಗೆ ಎರಡೂ ಇಲ್ಲ. ರುಚಿ ಅಂದರೆ ತೋರಾದ (ಯಹೂದಿ ಧರ್ಮಗ್ರಂಥದ) ಓದು, ಪರಿಮಳ ಅಂದರೆ ಸತ್ಕಾರ್ಯ. ನಾಲ್ಕು ಬಗೆಯ ಜನರನ್ನೂ ಒಂದೇ ಕಟ್ಟಿನಲ್ಲಿ ಹಿಡಿಯಬೇಕು, ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಲಿ ಎಂಬುದು ಅದರ ತಾತ್ಪರ್ಯ. ಹಾಳೆಯ ನಡುವೆ ಎರಡು ಕೈ, ಈ ಕಟ್ಟು, ಕೆಳಗೆ ಆ 17 ಅಕ್ಷರ. ಬೇರೇನೂ ಹಾಕಬೇಡಿ.

ಗುರುತಿನ ಭಾಗಕ್ಕೆ ಐರೋಪ್ಯ ಕರಿ ಟೋಪಿ, ಉದ್ದ ಕೋಟಿನ ಮುದುಕರನ್ನೇ ಯಾಕೆ ಬರೆಯಬೇಕು? ಕೊಂಕಣ ತೀರದ ಬೆನೆ ಇಸ್ರೇಲ್ ಜನ ನಮ್ಮ ನೆರೆಯವರು. ಮರಾಠಿ ಮಾತು, ಸೀರೆ, ಮದುವೆಗೆ ಮೆಹಂದಿ. ಹಿಂದೆ ಗಾಣದ ಕಸುಬು ಮಾಡುತ್ತಿದ್ದರು, ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಅದಕ್ಕೇ ಊರವರು ಅವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು ಅಂತ ಕರೆದರು. ನಿಂತ ಗಾಣ, ಮೇಯುತ್ತಿರುವ ಎತ್ತು, ಮನೆಯೊಳಗೆ ದೀಪ: ಸಬ್ಬತ್ (ಯಹೂದಿಗಳ ಶನಿವಾರದ ವಿಶ್ರಾಂತಿ ದಿನ) ಏನೆಂದು ನಮ್ಮ ಕಡೆಯ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ತಿಳಿಸುವ ಚಿತ್ರ ನನಗಂತೂ ಹೊಳೆಯುತ್ತಿಲ್ಲ. ಅವರ ಮಲಿದಾ ಆಚರಣೆಯ ತಟ್ಟೆಯೂ ಇದೆ: ನೆನೆಸಿದ ಅವಲಕ್ಕಿ, ಬೆಲ್ಲ ಅಥವಾ ಸಕ್ಕರೆ, ಕಾಯಿತುರಿ, ಸುತ್ತ ಹಣ್ಣು. ಪ್ರವಾದಿ ಎಲಿಯಾಹುವಿನ ನೆನಪಿಗೆ ಮಾಡುವಂಥದ್ದು.

---

ಚಿತ್ರಾವತಿ (ಚಿಕ್ಕಬಳ್ಳಾಪುರ):

ತುಂಬ ಉಪಕಾರವಾಯಿತು. ಗಾಣದ ಚಿತ್ರ ಇಬ್ಬರಿಗೆ ಕೊಟ್ಟಾಯಿತು. ಇನ್ನೆರಡು ಅನುಮಾನ. ನರಮೇಧದ ಕಾಲದಲ್ಲಿ ಡೆನ್ಮಾರ್ಕಿನ ರಾಜ ತಾನೇ ಹಳದಿ ನಕ್ಷತ್ರ ತೊಟ್ಟ ಅಂತ ಒಬ್ಬ ಹುಡುಗ ಬರೆಯುತ್ತಿದ್ದಾನೆ, ಸರಿಯೇ? ಮತ್ತೆ ಇಸ್ರೇಲ್-ಗಾಜಾ ಸುದ್ದಿ ಎಲ್ಲರಿಗೂ ಗೊತ್ತಿರುವುದರಿಂದ, ಯಹೂದಿಗಳೊಂದಿಗೆ ನಿಲ್ಲುತ್ತೇವೆ ಅನ್ನುವ ಪೋಸ್ಟರ್ ನೋಡಿ ಯಾರಾದರೂ ಬೇಸರ ಮಾಡಿಕೊಂಡಾರೆಯೇ ಅನ್ನುವ ಅಳುಕಿದೆ.

---

ಕೆಜಿಎಫ್_ಇತಿಹಾಸ:

ರಾಜನ ಕಥೆ ಕಟ್ಟುಕಥೆ, ನಿಲ್ಲಿಸಿಬಿಡಿ. ಡೆನ್ಮಾರ್ಕಿನ ಯಹೂದಿಗಳ ಮೇಲೆ ಆ ನಕ್ಷತ್ರವನ್ನು ಹೇರಲೇ ಇಲ್ಲ, ಹಾಗಾಗಿ ರಾಜ ತೊಡುವ ಪ್ರಶ್ನೆಯೇ ಬರಲಿಲ್ಲ. ನಡೆದದ್ದು ಅದಕ್ಕಿಂತ ದೊಡ್ಡದು. 1943ರ ಅಕ್ಟೋಬರಿನಲ್ಲಿ ಸಾಮಾನ್ಯ ಜನರು ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಮೀನುದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ಆ ಹುಡುಗ ದೋಣಿ ಬರೆಯಲಿ. ರಾತ್ರಿ ಸಮುದ್ರಕ್ಕೆ ಪ್ರಷ್ಯನ್ ಬ್ಲೂ, ಎದುರು ದಡದಲ್ಲಿ ಸಣ್ಣ ಹಳದಿ ಬೆಳಕು.

ನಕ್ಷತ್ರದ ವಿವರವನ್ನೂ ಸರಿ ಮಾಡಿಸಿ. ಜರ್ಮನಿಯಲ್ಲಿ ಹಳದಿ ನಕ್ಷತ್ರ ಕಡ್ಡಾಯವಾದದ್ದು 1941ರ ಸೆಪ್ಟೆಂಬರಿನಲ್ಲಿ, ಆರು ವರ್ಷ ತುಂಬಿದ ಮಕ್ಕಳಿಂದ ಹಿಡಿದು ಎಲ್ಲರಿಗೂ. ವಾರ್ಸಾದಲ್ಲಿ 1939ರ ಕೊನೆಯಿಂದಲೇ ತೋಳಿಗೆ ಬಿಳಿ ಪಟ್ಟಿ, ಅದರ ಮೇಲೆ ನೀಲಿ ನಕ್ಷತ್ರ. ವಾರ್ಸಾ ಘೆಟ್ಟೋ (ಯಹೂದಿಗಳನ್ನು ಕೂಡಿಹಾಕಿದ ಕೇರಿ) ಅಂತ ಶೀರ್ಷಿಕೆ ಕೊಟ್ಟು ಎದೆಯ ಮೇಲೆ ಹಳದಿ ಬರೆದರೆ ತಪ್ಪು. ಇನ್ನು ಅಂಕಿ: ಕೊಲೆಯಾದ ಯಹೂದಿಗಳು ಸುಮಾರು 60 ಲಕ್ಷ. ಇಂಗ್ಲಿಷ್ ಪುಟದಿಂದ ಇಳಿಸುವಾಗ ಮಿಲಿಯನ್ ಲಕ್ಷವಾಗಿ ಆರು ಲಕ್ಷ ಅಂತ ಬರೆಯುವವರು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ನಿಮ್ಮ ಪ್ರದರ್ಶನ ಜನವರಿ ಕೊನೆಗೆ ಅಂದಿರಿ. ಜನವರಿ 27, ನಾಜಿಗಳ ಆಶ್ವಿಟ್ಜ್ ಸಾವಿನ ಶಿಬಿರ 1945ರಲ್ಲಿ ಬಿಡುಗಡೆಯಾದ ದಿನ. ಆ ದಿನವನ್ನು ಅಂತರರಾಷ್ಟ್ರೀಯ ಸ್ಮರಣಾ ದಿನವೆಂದು ವಿಶ್ವಸಂಸ್ಥೆ 2005ರಲ್ಲಿ ನಿರ್ಣಯಿಸಿತು. ಹೆಣಗಳ ರಾಶಿ, ಮುಳ್ಳುತಂತಿ ಬರೆಸಬೇಡಿ, ಸತ್ತವರಿಗೆ ಅದು ಗೌರವವಲ್ಲ. ಹತ್ತು ಲಕ್ಷಕ್ಕೊಂದರಂತೆ ಆರು ಬತ್ತಿ ಸಾಕು.

ಒಗ್ಗಟ್ಟಿಗೆ ಪೋಸ್ಟರೇ ಕಥೆಯಾದ ಎರಡು ನಿಜ ಘಟನೆಗಳಿವೆ. 1964ರಲ್ಲಿ ನ್ಯೂಯಾರ್ಕಿನ ವಿದ್ಯಾರ್ಥಿಗಳು ಸೋವಿಯತ್ ಒಕ್ಕೂಟದ ಯಹೂದಿಗಳಿಗಾಗಿ ಸಂಘಟನೆ ಕಟ್ಟಿದರು. ಅಲ್ಲಿನ ಯಹೂದಿಗಳಿಗೆ ಹೀಬ್ರೂ ಕಲಿಸಲೂ ದೇಶ ಬಿಡಲೂ ಅಡ್ಡಿಯಿತ್ತು. ನನ್ನ ಜನರನ್ನು ಹೋಗಗೊಡು ಎಂದು ಬೈಬಲಿನಲ್ಲಿ ಪ್ರವಾದಿ ಮೋಶೆ ಈಜಿಪ್ಟಿನ ದೊರೆ ಫರೋಹನಿಗೆ ಹೇಳಿದ ಮಾತು ಆ ಚಳವಳಿಯ ಫಲಕಗಳ ಮೇಲೆಲ್ಲ ಇತ್ತು. 1987ರ ಡಿಸೆಂಬರ್ 6ರಂದು ವಾಷಿಂಗ್ಟನ್ನಿನಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸೇರುವಷ್ಟು ಅದು ಬೆಳೆಯಿತು. ಪೋಸ್ಟರಿಗೆ ಒಂದು ಶೋಫಾರ್ ಸಾಕು. ಅದು ಟಗರಿನ ಕೊಂಬು, ನಮ್ಮ ಕೊಂಬುಕಹಳೆಯ ಹಾಗೆ ಲೋಹದ್ದಲ್ಲ. ಊದುವುದು ಸಣ್ಣ ತುದಿಯಿಂದ, ಅಗಲ ಬಾಯಿ ಮೇಲ್ಮುಖ.

ಎರಡನೆಯದು 1993ರದು, ಅಮೆರಿಕದ ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್ ಊರು. ಹನುಕ್ಕಾ ಸಮಯದಲ್ಲಿ ಕಿಟಕಿಯಲ್ಲಿ ಮೆನೋರಾ ಇಟ್ಟಿದ್ದ ಮಗುವಿನ ಕೋಣೆಗೆ ಯಾರೋ ಕಾಂಕ್ರೀಟ್ ಇಟ್ಟಿಗೆಯ ತುಂಡು ಎಸೆದರು. ಊರಿನ ಪತ್ರಿಕೆ ಪೂರ್ತಿ ಪುಟದಲ್ಲಿ ಮೆನೋರಾ ಚಿತ್ರ ಅಚ್ಚು ಹಾಕಿತು. ಯಹೂದಿಗಳಲ್ಲದ ಸಾವಿರಾರು ಮನೆಯವರು ಅದನ್ನು ಕತ್ತರಿಸಿ ತಮ್ಮ ಕಿಟಕಿಗೆ ಅಂಟಿಸಿದರು. ಇದನ್ನು ಮೂರೇ ಬಣ್ಣದಲ್ಲಿ ಮುಗಿಸಬಹುದು: ಕಡುನೀಲಿ ಓಣಿ, ಕಪ್ಪು ಮನೆಗಳು, ಪ್ರತಿ ಕಿಟಕಿಯಲ್ಲೂ ಹಳದಿ ಒಂಬತ್ತು ಕವಲು. ಕಿಟಕಿ ಎರಡು ಇಂಚಿಗಿಂತ ಸಣ್ಣದಾದರೆ ಒಂಬತ್ತು ಗೆರೆ ಕೂಡಿಕೊಂಡು ಬಾಚಣಿಗೆ ಆಗುತ್ತದೆ.

ನಮ್ಮ ನೆಲದ್ದೇ ಬೇಕೆಂದರೆ 2008ರ ನವೆಂಬರ್, ಮುಂಬೈ. ದಾಳಿಗೆ ಗುರಿಯಾದ ನರಿಮನ್ ಹೌಸ್‌ನ ಯಹೂದಿ ಕೇಂದ್ರದಿಂದ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಹೊರಬಂದದ್ದು ಅದನ್ನು ನೋಡಿಕೊಳ್ಳುತ್ತಿದ್ದ ಭಾರತೀಯ ಹೆಂಗಸು. ಮುಖ ಬೇಡ, ಹೆಸರೂ ಬೇಡ, ಎತ್ತಿಕೊಂಡ ತೋಳು ಸಾಕು.

ಇನ್ನು ಗಾಜಾ. ನಿಮ್ಮ ವಿಷಯ ಧರ್ಮ ಮತ್ತು ಜನ, ಸರ್ಕಾರವಲ್ಲ. ಪ್ರಪಂಚದ ಎಲ್ಲ ಯಹೂದಿಗಳನ್ನು ಒಂದು ಸರ್ಕಾರದ ನಿರ್ಧಾರಕ್ಕೆ ಹೊಣೆ ಮಾಡುವ ಪೋಸ್ಟರೂ ತಪ್ಪು, ಪ್ಯಾಲೆಸ್ತೀನಿಯರನ್ನೋ ಮುಸ್ಲಿಮರನ್ನೋ ಹೀನಾಯವಾಗಿ ತೋರಿಸುವ ಪೋಸ್ಟರೂ ತಪ್ಪು. ಯಾವ ದೇಶದ ಬಾವುಟವೂ ಇಲ್ಲ ಅಂತ ಒಂದೇ ನಿಯಮ ಎಲ್ಲ ಧರ್ಮದ ವಿಭಾಗಕ್ಕೂ ಹಾಕಿ, ಯಾರಿಗೂ ಬೇರೆ ನ್ಯಾಯ ಆಗುವುದಿಲ್ಲ. ಇಂಟರ್ನೆಟ್ಟಿನಿಂದ ಬರುವ ಕೊಕ್ಕೆಮೂಗು, ಹಣದ ಚೀಲ, ಭೂಗೋಳ ಹಿಡಿದ ಅಷ್ಟಪಾದಿ, ಬೊಂಬೆ ಆಡಿಸುವ ಕೈ, ಇವೆಲ್ಲ ಹಳೆಯ ದ್ವೇಷಪ್ರಚಾರದ ಚಿತ್ರಗಳು. ಮಕ್ಕಳು ತಿಳಿಯದೆ ತರುತ್ತಾರೆ. ಕರಡಿನಲ್ಲೇ ನೋಡಿ ತೆಗೆಯಿರಿ.

ಗುರುತಿನ ಭಾಗದಲ್ಲಿ ಜಾಗ ಉಳಿದರೆ ಇಬ್ಬರು. ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಓಟ್ಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡ ಅವರವು. ಆಕಾಶವಾಣಿಯ ಬೆಳಗಿನ ಸಂಕೇತ ರಾಗ ಕಟ್ಟಿದವರೆಂದು ಹೆಸರಾದ ವಾಲ್ಟರ್ ಕೌಫ್‌ಮನ್ ಕೂಡ ಯಹೂದಿ, 1934ರಲ್ಲಿ ಮುಂಬೈಗೆ ಬಂದವರು. ರೇಡಿಯೋ ಬರೆದರೆ ಅಜ್ಜ-ಅಜ್ಜಿಯರು ನಿಂತು ಓದುತ್ತಾರೆ.

---

ಕುಂಚ_ಕೋಲಾರ:

ಒಂದೆರಡು ತಾಂತ್ರಿಕ ಮಾತು ಬಿಟ್ಟುಹೋಗಿತ್ತು.

ತೋರಾ ಸುರುಳಿಯನ್ನು ಮಕ್ಕಳು ರಾಜಾಜ್ಞೆಯ ಹಾಗೆ ಮೇಲಿಂದ ಕೆಳಕ್ಕೆ ಬಿಚ್ಚುತ್ತಾರೆ. ಅದು ಅಡ್ಡಕ್ಕೆ ಬಿಚ್ಚುವ ಸುರುಳಿ, ಎಡಕ್ಕೊಂದು ಬಲಕ್ಕೊಂದು ಮರದ ಕೋಲು, ನಡುವೆ ಪತ್ರಿಕೆಯ ಅಂಕಣದಂತೆ ಬರಹ. ಕೊಚ್ಚಿ ಮತ್ತು ಬಗ್ದಾದಿ ಯಹೂದಿಗಳಲ್ಲಿ ಅದು ಗಟ್ಟಿ ಡಬ್ಬಿಯೊಳಗೆ ನಿಂತೇ ಇರುತ್ತದೆ. ಬರಹದ ಜಾಗಕ್ಕೆ ಅಕ್ಷರ ಬೇಡ, ಸಣ್ಣ ಕಂದು ಗೆರೆಗಳು ಸಾಕು.

ಯಾರಿಗಾದರೂ ಕಾಗದ ಕತ್ತರಿಸುವ ಕಲೆ ಇಷ್ಟವಿದ್ದರೆ ಅದು ಯೂರೋಪಿನ ಯಹೂದಿಗಳ ಜನಪದ ಕಲೆಯೂ ಹೌದು. ಮಿಜ್ರಾಖ್ ಎಂಬ ಅಲಂಕಾರ ಹಾಳೆಯನ್ನು ಜೆರೂಸಲೇಮಿನ ದಿಕ್ಕು ತೋರಲು ಮನೆಯ ಪೂರ್ವ ಗೋಡೆಗೆ ಹಾಕುತ್ತಿದ್ದರು. ನಮ್ಮಿಂದ ಜೆರೂಸಲೇಮ್ ಪಶ್ಚಿಮಕ್ಕೆ, ಕೊಚ್ಚಿ ಸಿನಗಾಗಿನಲ್ಲಿ ತೋರಾ ಇಡುವ ಪವಿತ್ರ ಪೆಟ್ಟಿಗೆಯೂ ಪಶ್ಚಿಮ ಗೋಡೆಗೇ ಇದೆ. ಹಾಗಾಗಿ ನಿಮ್ಮ ಹಾಲಿನ ಪಶ್ಚಿಮ ಗೋಡೆ ಈ ವಿಭಾಗಕ್ಕೆ ಇರಲಿ. 120ರಿಂದ 150 ಜಿಎಸ್‌ಎಂ ಬಣ್ಣದ ಹಾಳೆ, ಉದ್ದಕ್ಕೆ ಒಂದೇ ಮಡಿಕೆ, 30 ಡಿಗ್ರಿ ಬ್ಲೇಡಿನ ಕಟರ್, ಕೆಳಗೆ ಕಟಿಂಗ್ ಮ್ಯಾಟ್. ಒಳಗಿನ ಸಣ್ಣ ಕಿಂಡಿಗಳನ್ನು ಮೊದಲು, ಹೊರಗೆರೆಯನ್ನು ಕೊನೆಗೆ ಕತ್ತರಿಸಬೇಕು, ಇಲ್ಲದಿದ್ದರೆ ಹಾಳೆ ಹಿಡಿತಕ್ಕೆ ಸಿಗುವುದಿಲ್ಲ. ಎರಡು ಕಿಂಡಿಗಳ ನಡುವಿನ ಸೇತುವೆ ಮೂರು ಮಿಲಿಮೀಟರಿಗಿಂತ ಸಣ್ಣದಾದರೆ ಅಂಟಿಸುವಾಗ ಹರಿಯುತ್ತದೆ. ಮಡಿಚಿದ ಹಾಳೆಯಲ್ಲಿ ದ್ರಾಕ್ಷಿ, ದಾಳಿಂಬೆ, ಸಿಂಹ ಚೆನ್ನಾಗಿ ಬರುತ್ತವೆ. ದ್ರಾಕ್ಷಿ-ದಾಳಿಂಬೆಗೆ ನಿಮ್ಮ ಜಿಲ್ಲೆಯಲ್ಲಿ ಬರವಿಲ್ಲ, ಎರಡೂ ಬೈಬಲ್ ಹೇಳುವ ಏಳು ಬೆಳೆಗಳಲ್ಲಿ ಸೇರಿವೆ. ಅಕ್ಷರವನ್ನು ಮಾತ್ರ ಹಾಳೆ ಬಿಡಿಸಿದ ಮೇಲೆ ಕತ್ತರಿಸಿ. ಮಡಿಕೆಯಲ್ಲೇ ಕತ್ತರಿಸಿದರೆ ಒಂದು ಕಡೆ ಸರಿ, ಇನ್ನೊಂದು ಕಡೆ ಉಲ್ಟಾ.

ಪೋಸ್ಟರ್ ಕಲರಿನ ಹಿನ್ನೆಲೆಗೆ ಬೇಕಾದ ಬಣ್ಣ ಒಂದೇ ಸಲ ಕಲಸಿಕೊಳ್ಳಿ, ಅರ್ಧದಲ್ಲಿ ಮುಗಿದರೆ ಅದೇ ಛಾಯೆ ಮತ್ತೆ ಬರುವುದಿಲ್ಲ. ದಪ್ಪ ಹಚ್ಚಿದರೆ ಒಣಗಿ ಬಿರಿಯುತ್ತದೆ, ಸುತ್ತಿಟ್ಟರೆ ಉದುರುತ್ತದೆ, ಆದ್ದರಿಂದ ಚಪ್ಪಟೆಯಾಗಿಯೇ ಸಾಗಿಸಿ. ಮಾಸ್ಕಿಂಗ್ ಟೇಪನ್ನು ಅಂಟಿಸುವ ಮುಂಚೆ ಒಮ್ಮೆ ಬಟ್ಟೆಗೆ ಒತ್ತಿ ಅಂಟು ಕಡಿಮೆ ಮಾಡಿದರೆ ಕೀಳುವಾಗ ಹಾಳೆಯ ಪದರ ಕೀಳುವುದಿಲ್ಲ. ದೊಡ್ಡ ಜಾಗಕ್ಕೆ ಚಿನ್ನದ ಬಣ್ಣ ಬೇಡ, ಟ್ಯೂಬ್‌ಲೈಟ್ ಕೆಳಗೆ ಮಂಕು ಕಂದಾಗಿ ಕಾಣುತ್ತದೆ. ಯೆಲ್ಲೋ ಓಕರ್ ಹಚ್ಚಿ ಅಂಚಿಗೆ ಮಾತ್ರ ಚಿನ್ನ ಎಳೆಸಿ.

---

ತುಮಕೂರು_ಡಿಟಿಪಿ:

ಫ್ಲೆಕ್ಸ್‌ಗೆ ಒಂದು ಸೇರಿಸಿ. ಹೀಬ್ರೂ ಪದ ಹಾಕೋದಾದರೆ ಕನ್ನಡದ ಬಲಕ್ಕೆ ಇಡಿ, ಎರಡೂ ಲಿಪಿ ನಡುವೆಯಿಂದ ಶುರುವಾಗಿ ವಿರುದ್ಧ ದಿಕ್ಕಿಗೆ ಓಡೋ ಹಾಗೆ ಮಾಡಬೇಡಿ, ಓದೋಕೆ ತೊಡಕು. ಪ್ರಿಂಟ್ ಕೈಗೆ ಬಂದ ಕೂಡಲೇ ಅಂಗಡಿಯಲ್ಲೇ ಬಿಚ್ಚಿ ಮುಚ್ಚಿದ ಚೌಕ ಎಡತುದಿಯಲ್ಲಿದೆಯಾ ನೋಡಿ, ಆಮೇಲೆ ದುಡ್ಡು ಕೊಡಿ.